ಗಂಟೆ ಕೇಳದವರಿಗೆ ಹಡಗು ಏನು ಹೇಳಬೇಕು

ಪ್ರವಾಸಿ ಹಡಗುಗಳ ಗೆಸ್ಟ್ ಸರ್ವಿಸಸ್ ಕೌಂಟರಿನಲ್ಲಿ ನಾನು ಬಹಳ ವರ್ಷ ದುಡಿದವನು. ಮಂಗಳೂರು, ಉಡುಪಿ, ಗೋವಾ ಕಡೆಯ ಎಷ್ಟೋ ಹುಡುಗರಂತೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಶಿಪ್ಪಿಗೆ ಹೋದೆ. ಮಯಾಮಿ, ಫೋರ್ಟ್ ಲಾಡರ್‌ಡೇಲ್, ಗ್ಯಾಲ್ವೆಸ್ಟನ್‌ಗಳಿಂದ ಹೊರಡುವ ಹಡಗುಗಳು ನನ್ನ ಊರಾದವು. ಅಂಗವೈಕಲ್ಯವಿರುವ ಪ್ರಯಾಣಿಕರ ಕೋರಿಕೆಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಕಿವುಡರ ಒಡನಾಟ ಬೆಳೆಯಿತು. ಜೊತೆಗೆ, ಹಡಗಿನಲ್ಲಿ ಪ್ರತಿಯೊಬ್ಬ ಕ್ರೂಗೂ ಇರುವಂತೆ ನನಗೂ ತುರ್ತು ಕಾಲದ ಕೆಲಸ ಒಂದಿತ್ತು. ಒಂದು ಮಸ್ಟರ್ ಸ್ಟೇಷನ್‌ನಲ್ಲಿ ಜನರನ್ನು ಸೇರಿಸಿ, ಎಣಿಸಿ, ಲೈಫ್ ಬೋಟಿನವರೆಗೆ ಕರೆದೊಯ್ಯುವುದು. ಈ ಎರಡು ಕೆಲಸಗಳು ಒಂದೇ ಮನುಷ್ಯನ ಕೈಯಲ್ಲಿದ್ದುದರಿಂದ ನನಗೆ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ಮಗನೋ ಮಗಳೋ ಕರೆದರೆಂದು ಅಲಾಸ್ಕಾ, ಕೆರಿಬಿಯನ್ ಕ್ರೂಸ್ ಹತ್ತುವ ನಮ್ಮ ಹಿರಿಯರ ಮನೆಗಳಲ್ಲೂ, ಈಗ ಶಿಪ್ಪಿಗೆ ಹೊರಟಿರುವ ಹುಡುಗ ಹುಡುಗಿಯರ ಬ್ಯಾಗಿನಲ್ಲೂ ಇದು ಇರಲಿ ಎಂಬ ಆಸೆ.

1. ಹಡಗು ಅಪಾಯವನ್ನು ಕಿವಿಗೆ ಹೇಳುತ್ತದೆ

ಏಳು ಅಥವಾ ಅದಕ್ಕಿಂತ ಹೆಚ್ಚು ಗಿಡ್ಡ ಸದ್ದು, ಅದರ ಬೆನ್ನಿಗೆ ಒಂದು ಉದ್ದ ಸದ್ದು. ಹಡಗಿನ ಸೀಟಿಯಲ್ಲೂ ಒಳಗಿನ ಗಂಟೆಯಲ್ಲೂ ಇದು ಬಂದರೆ ಎಲ್ಲರೂ ಮಸ್ಟರ್ ಸ್ಟೇಷನ್‌ಗೆ ಹೋಗಬೇಕು. ಜಗತ್ತಿನ ಯಾವ ಪ್ರವಾಸಿ ಹಡಗಿನಲ್ಲಾದರೂ ಇದೇ ಸಂಕೇತ. ಇದರ ಹಿಂದೆ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಅದರ ಮೊದಲ ರೂಪ ಬಂತು. ಈಗ ನಡೆಯುತ್ತಿರುವುದು 1974ರ ರೂಪ, ಕಾಲಕಾಲಕ್ಕೆ ತಿದ್ದುಪಡಿಗಳೊಂದಿಗೆ.

ಆ ಗಂಟೆ ಎಷ್ಟು ಜೋರಾಗಿರಬೇಕೆಂದೂ ಬರೆದಿಟ್ಟಿದ್ದಾರೆ. ಕ್ಯಾಬಿನ್‌ನಲ್ಲಿ ಮಲಗಿದವರ ತಲೆಯ ಬಳಿ ಮತ್ತು ಬಾತ್‌ರೂಮಿನಲ್ಲಿ ಕನಿಷ್ಠ 75 ಡೆಸಿಬಲ್, ಉಳಿದ ಕಡೆ ಕನಿಷ್ಠ 80, ಜೊತೆಗೆ ಸುತ್ತಲಿನ ಸದ್ದಿಗಿಂತ 10 ಡೆಸಿಬಲ್ ಮೇಲೆ. ಸ್ನಾನ ಮಾಡುತ್ತಿರುವವರಿಗೂ ಕೇಳಲೇಬೇಕೆಂದು ಯಾರೋ ಕುಳಿತು ಯೋಚಿಸಿದ್ದಾರೆ, ಸಂತೋಷ. ಗಂಟೆಯಾದ ಮೇಲೆ ಕ್ಯಾಪ್ಟನ್ನರ ಧ್ವನಿ, ಕಾರಿಡಾರಿನಲ್ಲಿ ಕ್ರೂ ಕೂಗು, ಸ್ಟೇಷನ್‌ನಲ್ಲಿ ಮೆಗಾಫೋನ್. ಇದರಲ್ಲಿ ಒಂದೂ ಕಣ್ಣಿಗೆ ತಲುಪುವುದಿಲ್ಲ.

ಕಣ್ಣಿಗೆಂದು ಮಾಡಿದ ಒಂದು ಒಳ್ಳೆಯ ಏರ್ಪಾಡು ನೆಲದ ಬಳಿ ಇದೆ. ಹೊರಹೋಗುವ ದಾರಿಯನ್ನು ನೆಲದಿಂದ 30 ಸೆಂಟಿಮೀಟರ್ ಒಳಗೆ ಬೆಳಕಿನ ಅಥವಾ ಕತ್ತಲಲ್ಲಿ ಹೊಳೆಯುವ ಪಟ್ಟಿಯಿಂದ ಗುರುತು ಮಾಡಿರುತ್ತಾರೆ. ಹೊಗೆ ಮೇಲೆ ತುಂಬಿಕೊಂಡಾಗ ಬಗ್ಗಿ, ತೆವಳಿ ಹೋಗುವವರಿಗೂ ಕಾಣಲಿ ಎಂದು. ಕಿವುಡ ಪ್ರಯಾಣಿಕರಿಗೆ ನಾನು ಹಡಗಿನಲ್ಲಿ ಮೊದಲು ತೋರಿಸುತ್ತಿದ್ದದ್ದೇ ಈ ಪಟ್ಟಿಯನ್ನು. ಆದರೆ ಅದು ದಾರಿಯನ್ನಷ್ಟೇ ತೋರಿಸುತ್ತದೆ. ಈಗ ಏಳು, ಹೊರಡು ಎಂದು ಮಲಗಿದವರಿಗೆ ಹೇಳುವ ಕೆಲಸ ಬೇರೆ ಯಾವುದೋ ಮಾಡಬೇಕು. ಮುಂದಿನ ಪಾಠಗಳೆಲ್ಲ ಹೆಚ್ಚುಕಡಿಮೆ ಆ 'ಬೇರೆ ಯಾವುದೋ' ಬಗ್ಗೆಯೇ.

2. ಬುಕಿಂಗ್ ಮಾಡುವಾಗಲೇ ಹೇಳಿ, ಮನೆಯವರು ಮುಚ್ಚಿಡಬೇಡಿ

ತುರ್ತು ಸಮಯದಲ್ಲಿ ವಿಶೇಷ ಸಹಾಯ ಬೇಕೆಂದು ತಿಳಿಸಿದ ಪ್ರಯಾಣಿಕರ ವಿವರ ಹಡಗು ಹೊರಡುವ ಮೊದಲೇ ಕ್ಯಾಪ್ಟನ್ನರ ಕೈಸೇರಬೇಕು. ಇದೂ ಸೋಲಾಸ್ ನಿಯಮ. 'ತಿಳಿಸಿದ' ಪ್ರಯಾಣಿಕರದ್ದು ಮಾತ್ರ, ಇದನ್ನು ಗಮನಿಸಿ. ತಿಳಿಸದವರು ಆ ಪಟ್ಟಿಯಲ್ಲಿರುವುದಿಲ್ಲ.

ಸನ್ನೆ ಭಾಷೆ ಬಳಸುವ ಕಿವುಡರು ಸಾಮಾನ್ಯವಾಗಿ ತಿಳಿಸುತ್ತಾರೆ. ಅವರಿಗೆ ತಮ್ಮ ಹಕ್ಕು ಗೊತ್ತು, ಹಡಗಿನವರಿಗಿಂತ ಚೆನ್ನಾಗಿ ಗೊತ್ತು. ಪಟ್ಟಿಯಿಂದ ತಪ್ಪಿಹೋಗುವವರು ವಯಸ್ಸಾದ ಮೇಲೆ ಕಿವಿ ಮಂದವಾದವರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರಲ್ಲಿ ನಾಲ್ವರಿಗೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷವಿದೆ. ಕ್ರೂಸ್ ಹಡಗಿನ ಊಟದ ಹಾಲಿನಲ್ಲಿ ಒಮ್ಮೆ ಕಣ್ಣಾಡಿಸಿದರೆ ಆ ವಯಸ್ಸಿನವರು ಎಷ್ಟಿದ್ದಾರೆಂದು ಗೊತ್ತಾಗುತ್ತದೆ.

ಗ್ಯಾಲ್ವೆಸ್ಟನ್‌ನಿಂದ ಹೊರಟ ಒಂದು ಹಡಗಿನಲ್ಲಿ ಶಿವಮೊಗ್ಗ ಕಡೆಯ ದಂಪತಿ ಸಿಕ್ಕರು. ಮಗನ ಮನೆ ಹ್ಯೂಸ್ಟನ್. ಕೌಂಟರಿನಲ್ಲಿ ನನ್ನ ಹೆಸರಿನ ಬಿಲ್ಲೆ ನೋಡಿ ಆ ತಾಯಿ ಕನ್ನಡದಲ್ಲೇ ಮಾತಿಗೆ ನಿಂತರು. ಯಜಮಾನರು ಪಕ್ಕದಲ್ಲಿ ನಗುತ್ತಾ ನಿಂತಿದ್ದರು. ನನ್ನ ಯಾವ ಮಾತಿಗೂ ಅವರಿಂದ ಉತ್ತರ ಬರಲಿಲ್ಲ.

"ಅವರಿಗೆ ಕಿವಿ ಸ್ವಲ್ಪ ಮಂದ ಕಣಪ್ಪಾ. ಮೆಷಿನ್ ಹಾಕ್ಕೊಂಡ್ರೆ ಕೇಳ್ಸತ್ತೆ. ಈ ಗದ್ದಲದಲ್ಲಿ ಆಗಲ್ಲ ಅಂತ ತೆಗೆದಿಟ್ಟಿದಾರೆ."

"ರಾತ್ರಿ ಮಲಗುವಾಗ ಅಮ್ಮ?"

"ರಾತ್ರಿ ಯಾರು ಹಾಕ್ಕೋತಾರೆ? ಡಬ್ಬಿಯಲ್ಲಿಡ್ತಾರೆ."

"ರಾತ್ರಿ ಗಂಟೆ ಹೊಡೆದರೆ?"

"ನಾನಿಲ್ವೇನಪ್ಪಾ, ಎಬ್ಬಿಸ್ತೀನಿ."

ಮಗನನ್ನು ಕೇಳಿದೆ. ಬುಕಿಂಗ್ ಫಾರ್ಮಿನಲ್ಲಿ ಅವನು ಏನೂ ಬರೆದಿರಲಿಲ್ಲ. ಅಪ್ಪನಿಗೆ ಬೇಜಾರಾಗುತ್ತದೆ ಎಂದ. ಆ ಸಂಜೆ ತಾಯಿ ಮೊಮ್ಮಕ್ಕಳ ಜೊತೆ ಮೇಲಿನ ಡೆಕ್ಕಿನಲ್ಲಿ ಸಿನಿಮಾ ನೋಡುತ್ತಿದ್ದರು. ಯಜಮಾನರು ಸುಸ್ತೆಂದು ಕೆಳಗೆ ಒಬ್ಬರೇ ಮಲಗಿದ್ದರು, ಮೆಷಿನ್ ಡಬ್ಬಿಯಲ್ಲಿತ್ತು. ನಾನು ಹೋಗಿ ಆ ತಾಯಿಗೆ ಇದನ್ನಷ್ಟೇ ಹೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಅರ್ಧ ಗಂಟೆಯಲ್ಲಿ ಫಾರ್ಮ್ ತುಂಬಿಸಿ, ಕಿವಿ ಕೇಳದವರನ್ನು ಎಚ್ಚರಿಸುವ ಸಾಧನಗಳ ಕಿಟ್ ಕ್ಯಾಬಿನ್‌ಗೆ ಹಾಕಿಸಿದೆವು. ಯಜಮಾನರಿಗೆ ಬೇಜಾರೇನೂ ಆಗಲಿಲ್ಲ. ಬೆಡ್ ಅಲುಗಿಸುವ ಯಂತ್ರವನ್ನು ಎರಡು ಸಲ ಹಾಕಿಸಿ ನೋಡಿದರು, ಊರಿಗೂ ಒಂದು ಕೊಂಡುಹೋಗಬಹುದೇ ಎಂದು ವಿಚಾರಿಸಿದರು.

ಸನ್ನೆ ಭಾಷೆಯ ದುಭಾಷಿ ಬೇಕೆಂದಾದರೆ ಅಮೆರಿಕದಿಂದ ಹೊರಡುವ ದೊಡ್ಡ ಕಂಪನಿಗಳಲ್ಲಿ ಸುಮಾರು 60 ದಿನ ಮುಂಚೆ ಕೇಳಬೇಕಾಗುತ್ತದೆ. ಯುರೋಪಿನಲ್ಲಿ 2012ರ ಡಿಸೆಂಬರಿನಿಂದ ಜಾರಿಯಲ್ಲಿರುವ ಹಡಗು ಪ್ರಯಾಣಿಕರ ಹಕ್ಕಿನ ಕಾನೂನಿನಲ್ಲಿ ಸಹಾಯ ಕೋರಲು 48 ಗಂಟೆ ಮುಂಚಿನ ಗಡುವಿದೆ. ಗಡುವು ನೋಡಿಕೊಂಡು ಕೂರದೆ ಟಿಕೆಟ್ ತೆಗೆದ ದಿನವೇ ಬರೆದು ಕಳಿಸುವುದು ಒಳ್ಳೆಯದು, ಏಕೆಂದರೆ ಒಂದು ಹಡಗಿನಲ್ಲಿರುವ ಕಿಟ್‌ಗಳಿಗೆ ಲೆಕ್ಕವಿದೆ. ಮೊದಲು ಕೇಳಿದವರಿಗೆ ಮೊದಲು ಸಿಗುತ್ತದೆ.

3. ಕಿಟ್ ಪೆಟ್ಟಿಗೆಯಲ್ಲಿದ್ದರೆ ಪ್ರಯೋಜನವಿಲ್ಲ

ಕೆಲವೇ ಕ್ಯಾಬಿನ್‌ಗಳಲ್ಲಿ ಮಿಂಚುವ ದೀಪವನ್ನು ಗೋಡೆಯಲ್ಲೇ ಕೂರಿಸಿ ಅಲಾರಂ ವ್ಯವಸ್ಥೆಗೆ ಜೋಡಿಸಿರುತ್ತಾರೆ. ಉಳಿದವರಿಗೆ ಸಿಗುವುದು ಒಂದು ಪೆಟ್ಟಿಗೆ. ಅದರಲ್ಲಿ ಬಾಗಿಲಿನ ಒಳಹಿಡಿಗೆ ನೇತುಹಾಕುವ ಸೆನ್ಸರ್, ಫೋನ್ ಬಡಿದರೆ ತಿಳಿಸುವ ಸಾಧನ, ಮಿಂಚುದೀಪದ ಗಡಿಯಾರ, ಹೊಗೆ ಪತ್ತೆಮಾಡುವ ಸಾಧನ, ಹಾಸಿಗೆಯಡಿ ಇಡುವ ಕಂಪನದ ಬಿಲ್ಲೆ ಇರುತ್ತವೆ. ಹೌಸ್‌ಕೀಪಿಂಗ್‌ನವರು ಪೆಟ್ಟಿಗೆಯನ್ನು ಮಂಚದ ಮೇಲಿಟ್ಟು ಸಹಿ ಹಾಕಿಸಿಕೊಂಡು ಹೋದರೆ ಕಾಗದದಲ್ಲಿ ಕೆಲಸ ಮುಗಿಯಿತು.

ನಾನು ಮಾಡುತ್ತಿದ್ದ ಕ್ರಮ ಹೀಗೆ. ಮೊದಲು, ಆ ಪ್ರಯಾಣಿಕರು ಮಂಚದ ಯಾವ ಪಕ್ಕ ಮಲಗುತ್ತಾರೆಂದು ಕೇಳುವುದು. ಹಡಗಿನಲ್ಲಿ ಎರಡು ಸಿಂಗಲ್ ಮಂಚ ಜೋಡಿಸಿ ಡಬಲ್ ಮಾಡಿರುತ್ತಾರೆ. ಒಂದು ಹಾಸಿಗೆಯ ಅಡಿಯಲ್ಲಿಟ್ಟ ಬಿಲ್ಲೆಯ ನಡುಕ ಪಕ್ಕದ ಹಾಸಿಗೆಗೆ ದಾಟುವುದೇ ಇಲ್ಲ. ದಪ್ಪ ಹಾಸಿಗೆಯ ಕೆಳಗೆ ತುರುಕಿದರೂ ನಡುಕ ಸತ್ತುಹೋಗುತ್ತದೆ. ಹಾಸಿಗೆಗೂ ಮೇಲಿನ ತೆಳು ಪದರಕ್ಕೂ ನಡುವೆ, ಹೆಗಲು ಬರುವ ಜಾಗದಲ್ಲಿ ಇಟ್ಟರೆ ಸರಿ. ದಿಂಬಿನಡಿ ಇಟ್ಟರೆ ನಿದ್ದೆಯಲ್ಲಿ ದಿಂಬಿನ ಜೊತೆ ಅದೂ ನೆಲಕ್ಕೆ ಬೀಳುತ್ತದೆ. ಅದರ ವೈರು ಪ್ಲಗ್ಗಿನವರೆಗೆ ಹೋಗುವಾಗ ಕಾಲಿಗೆ ತೊಡರದಂತೆ ಮಂಚದ ಹಿಂದಿನಿಂದ ಒಯ್ಯಬೇಕು. ಕರೆಂಟು ಹೋದರೆ ಬ್ಯಾಟರಿಯಲ್ಲಿ ನಡೆಯುತ್ತದೆಯೇ ಎಂದು ಪ್ಲಗ್ ಕಿತ್ತು ನೋಡಬೇಕು. ಆಮೇಲೆ ಪ್ರಯಾಣಿಕರನ್ನು ಮಲಗಲು ಹೇಳಿ, ನಾನು ಹೊರಗೆ ಹೋಗಿ ಬಾಗಿಲು ಬಡಿಯುತ್ತಿದ್ದೆ. ಅವರು ಎದ್ದು ಬಂದು ಬಾಗಿಲು ತೆರೆದರೆ ಕಿಟ್ ಹಾಕಿದಂತಾಯಿತು.

ಎಷ್ಟೋ ಮಂದಿ ಮಿಂಚುದೀಪವೊಂದಿದ್ದರೆ ಸಾಕು ಅಂದುಕೊಂಡಿರುತ್ತಾರೆ. ಎಚ್ಚರವಿರುವವರಿಗೆ ಸಾಕು. ಗಾಢ ನಿದ್ದೆಯಲ್ಲಿರುವವರು ಅತ್ತ ಮುಖ ಮಾಡಿ, ಹೊದಿಕೆ ಎಳೆದುಕೊಂಡಿದ್ದರೆ ದೀಪ ಎಷ್ಟು ಮಿಂಚಿದರೂ ಏಳುವುದಿಲ್ಲ. ಈ ಬಗ್ಗೆ ನಿದ್ದೆಯ ಪ್ರಯೋಗಗಳೇ ನಡೆದಿವೆ. ಬರೀ ದೀಪಕ್ಕಿಂತ ಬಿಟ್ಟುಬಿಟ್ಟು ನಡುಗುವ ಹಾಸಿಗೆ ಎಷ್ಟೋ ಮೇಲು ಎಂದು ಕಂಡಿದೆ. ಸ್ವಲ್ಪ ಕೇಳಿಸುವವರಿಗಾದರೆ ಮಾಮೂಲಿ ಕೀರಲು ಸದ್ದಿಗಿಂತ 520 ಹರ್ಟ್ಸ್‌ನ ತಗ್ಗು ಸದ್ದು ಚೆನ್ನಾಗಿ ಎಬ್ಬಿಸುತ್ತದೆ, ಏಕೆಂದರೆ ವಯಸ್ಸಾದಂತೆ ಮೊದಲು ಹೋಗುವುದು ಕೀರಲು ಸದ್ದು ಕೇಳುವ ಶಕ್ತಿ.

ಇನ್ನೊಂದು ಪ್ರಶ್ನೆಯನ್ನು ಬಿಡದೆ ಕೇಳಿ. ಈ ಪೆಟ್ಟಿಗೆಯ ಸಾಧನ ಹಡಗಿನ ಸಾರ್ವತ್ರಿಕ ಗಂಟೆಗೆ ಸ್ಪಂದಿಸುತ್ತದೆಯೇ, ಅಥವಾ ಈ ಕ್ಯಾಬಿನ್‌ನೊಳಗಿನ ಹೊಗೆಗೆ ಮಾತ್ರವೇ? ಎರಡಕ್ಕೂ ಬಹಳ ವ್ಯತ್ಯಾಸವಿದೆ. ಬೆಂಕಿ ಎಲ್ಲೋ ಕೆಳಗಿನ ಎಂಜಿನ್ ರೂಮಿನಲ್ಲಿದ್ದು ಗಂಟೆ ಹೊಡೆದಾಗ ನಿಮ್ಮ ಕ್ಯಾಬಿನ್‌ನಲ್ಲಿ ಹೊಗೆಯೇ ಇರುವುದಿಲ್ಲ. ಉತ್ತರ 'ಹೊಗೆಗೆ ಮಾತ್ರ' ಎಂದಾದರೆ, ಗಂಟೆಯಾದಾಗ ನಿಮ್ಮನ್ನು ಬಂದು ಎಬ್ಬಿಸುವ ಕ್ರೂ ಯಾರೆಂದು ಹೆಸರು ಸಮೇತ ಕೇಳಿಕೊಳ್ಳಿ.

4. ಬಾಗಿಲು ಬಡಿಯುವುದನ್ನು ನಂಬಬೇಡಿ, ಬಾಗಿಲು ತೆರೆಯುವವರನ್ನು ಗೊತ್ತುಮಾಡಿಕೊಳ್ಳಿ

2006ರ ಮಾರ್ಚ್ 23ರಂದು ಸ್ಟಾರ್ ಪ್ರಿನ್ಸೆಸ್ ಹಡಗು ಜಮೈಕಾ ಕಡೆಗೆ ಹೋಗುತ್ತಿದ್ದಾಗ ನಸುಕಿನ ಮೂರರ ಸುಮಾರಿಗೆ ಬಾಲ್ಕನಿಯಲ್ಲಿ ಬೆಂಕಿ ಹೊತ್ತಿತು. ಆರದ ಸಿಗರೇಟಿನ ತುಂಡು ಎಂಬುದು ತನಿಖೆಯವರ ಅಂದಾಜು. ಬಾಲ್ಕನಿಯಿಂದ ಬಾಲ್ಕನಿಗೆ ಹಾರಿ ನೂರಾರು ಕ್ಯಾಬಿನ್‌ಗಳಿಗೆ ಹಾನಿಯಾಯಿತು, ಹೊಗೆಯಿಂದ ಒಬ್ಬ ಪ್ರಯಾಣಿಕ ತೀರಿಕೊಂಡ. ಅಂಥ ಹೊತ್ತಿನಲ್ಲಿ ಕ್ರೂ ಕಾರಿಡಾರ್ ಹಿಡಿದು ಒಂದೊಂದೇ ಬಾಗಿಲು ಬಡಿಯುತ್ತಾ, ಕೂಗುತ್ತಾ ಸಾಗುತ್ತಾರೆ. ಒಳಗಿಂದ ಉತ್ತರ ಬಾರದಿದ್ದರೆ ಖಾಲಿ ಎಂದು ಮುಂದೆ ಹೋಗುವ ಅಪಾಯವಿದೆ. ಹೊಗೆಯ ನಡುವೆ ಒಂದು ಬಾಗಿಲ ಮುಂದೆ ನಿಲ್ಲಲು ಸಿಗುವುದು ಕೆಲವೇ ಕ್ಷಣ.

ಆದ್ದರಿಂದ ಕಿವುಡರಿರುವ ಕ್ಯಾಬಿನ್‌ಗಳ ನಂಬರು ಆ ಕಾರಿಡಾರಿನ ತಪಾಸಣೆಗೆ ನೇಮಿಸಿದ ಕ್ರೂ ಜೇಬಿನಲ್ಲಿರಬೇಕು. ಮಾಸ್ಟರ್ ಕೀಯಿಂದ ತೆರೆದು, ಒಳಹೊಕ್ಕು, ಬಾತ್‌ರೂಮಿನ ಬಾಗಿಲನ್ನೂ ತೆರೆದು ನೋಡಿ, ಮಲಗಿದ್ದರೆ ಹೆಗಲು ಮುಟ್ಟಿ ಎಬ್ಬಿಸಬೇಕು. ಈ ಪಟ್ಟಿ ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ಇರುವುದನ್ನು ನಾನು ಒಪ್ಪುತ್ತಿರಲಿಲ್ಲ. ಪ್ರತಿ ಪ್ರಯಾಣದ ಮೊದಲ ಸಂಜೆಯೇ ಕಾಗದದ ಪ್ರತಿ ಮಾಡಿಸಿ ಆಯಾ ಡೆಕ್ಕಿನವರ ಕೈಗೆ ಕೊಡಿಸುತ್ತಿದ್ದೆ.

ಬಾಗಿಲ ಹೊರಗೆ 'ಇಲ್ಲಿ ಕಿವುಡರಿದ್ದಾರೆ' ಎಂಬ ಗುರುತು ಅಂಟಿಸಿದರೆ ಸುಲಭವಲ್ಲವೇ ಎಂದು ಕೆಲವು ಅಧಿಕಾರಿಗಳು ಕೇಳುತ್ತಾರೆ. ನಾನು ಅದಕ್ಕೆ ವಿರೋಧ. ಒಂಟಿಯಾಗಿ ಪ್ರಯಾಣಿಸುವ ಕಿವುಡ ಹೆಣ್ಣುಮಗಳ ಬಾಗಿಲ ಮೇಲೆ, ಈಕೆಗೆ ಯಾರು ಒಳಬಂದರೂ ಕೇಳಿಸುವುದಿಲ್ಲ ಎಂದು ಸಾವಿರಾರು ಅಪರಿಚಿತರಿಗೆ ಬರೆದು ತೋರಿಸಿದಂತೆ ಅದು.

5. ಡ್ರಿಲ್‌ನಲ್ಲಿ ನಿಂತು ಬಂದರೆ ಸಾಲದು

ಕೋಸ್ಟಾ ಕಾಂಕಾರ್ಡಿಯಾ 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ಬಡಿದು ವಾಲಿತು, 32 ಜನ ಸತ್ತರು. ಅಂದು ಸಂಜೆ ಹತ್ತಿದ್ದ ನೂರಾರು ಮಂದಿಗೆ ಇನ್ನೂ ಡ್ರಿಲ್, ಅಂದರೆ ಮಸ್ಟರ್ ಸ್ಟೇಷನ್‌ಗೆ ಸೇರುವ ಅಭ್ಯಾಸ, ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಆ ದುರಂತದ ಮೇಲೆ ನಿಯಮ ಬದಲಾಗಿ, 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಅದೇ ರಾತ್ರಿಯ ಇನ್ನೊಂದು ಸಂಗತಿ ನನಗೆ ಹೆಚ್ಚು ಕಾಡುತ್ತದೆ. ಮೈಕಿನಲ್ಲಿ ವಿದ್ಯುತ್ ತೊಂದರೆ ಎಂದು ಹೇಳುತ್ತಾ ಹೋದರು. ಹಡಗು ಬಿಡಿ ಎಂಬ ಆದೇಶ ಬರಲು ಬಂಡೆಗೆ ಬಡಿದ ಮೇಲೆ ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮೈಕು ಹೇಳಿದ್ದನ್ನು ನಂಬಿ ಕಾದವರು ಎಷ್ಟೋ ಮಂದಿ. ವಾಲುತ್ತಿರುವ ನೆಲ, ಕ್ರೂ ಮುಖ, ಜಾರುವ ತಟ್ಟೆಗಳು ಕಣ್ಣಿಗೆ ಹೇಳುವುದನ್ನು ಕಿವುಡ ಪ್ರಯಾಣಿಕರು ಎಲ್ಲರಿಗಿಂತ ಮೊದಲು ಓದುತ್ತಾರೆ. ಅವರು ಬಂದು ಏನೋ ಸರಿಯಿಲ್ಲ ಎಂದು ಸನ್ನೆ ಮಾಡಿದರೆ ಕ್ರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಈಗ ಬಹಳ ಹಡಗುಗಳಲ್ಲಿ ಒಟ್ಟಾಗಿ ನಿಲ್ಲಿಸುವ ಹಳೆಯ ಡ್ರಿಲ್ ಇಲ್ಲ. 2020ರ ಕೋವಿಡ್ ಕಾಲದಲ್ಲಿ ರಾಯಲ್ ಕೆರಿಬಿಯನ್ ತಂದ ಹೊಸ ರೀತಿ ಹರಡಿದೆ. ಫೋನಿನಲ್ಲೋ ಕ್ಯಾಬಿನ್ ಟಿವಿಯಲ್ಲೋ ವಿಡಿಯೋ ನೋಡಿ, ಆಮೇಲೆ ತಮ್ಮ ಸ್ಟೇಷನ್‌ಗೆ ಹೋಗಿ ಹಾಜರಿ ಹಾಕಿಸಬೇಕು. ಕಿವುಡರಿಗೆ ಇದು ಹಳೆಯದಕ್ಕಿಂತ ಒಳ್ಳೆಯದು. ವಿಡಿಯೋಗೆ ಶೀರ್ಷಿಕೆ ಹಾಕಬಹುದು, ಸನ್ನೆ ಭಾಷೆ ಸೇರಿಸಬಹುದು, ಅರ್ಥವಾಗದಿದ್ದರೆ ಮತ್ತೆ ನೋಡಬಹುದು. ಕೊರತೆ ಒಂದಿದೆ. ಗಂಟೆ ಹೇಗಿರುತ್ತದೆ ಎಂಬುದನ್ನು ಆ ವಿಡಿಯೋ ಸದ್ದಿನಲ್ಲೇ ಕೇಳಿಸುತ್ತದೆ. ತಮ್ಮ ಕ್ಯಾಬಿನ್‌ನ ದೀಪ ಹೇಗೆ ಮಿಂಚುತ್ತದೆ, ಹಾಸಿಗೆ ಹೇಗೆ ನಡುಗುತ್ತದೆ ಎಂಬುದನ್ನು ಯಾವ ವಿಡಿಯೋವೂ ತೋರಿಸುವುದಿಲ್ಲ. ಅದನ್ನು ಕ್ಯಾಬಿನ್‌ನಲ್ಲೇ ಮಾಡಿ ತೋರಿಸಬೇಕು.

ಸ್ಟೇಷನ್ ಹೆಸರಿನ ವಿಚಾರದಲ್ಲಿ ಜಾಗ್ರತೆ. ಬಿ7, ಡಿ7, ಇ7 ಎಂದು ಇರುತ್ತವೆ. ತುಟಿ ನೋಡಿ ಮಾತು ತಿಳಿಯುವವರಿಗೆ ಬಿ ಮತ್ತು ಪಿ ಒಂದೇ, ಡಿ ಮತ್ತು ಟಿ ಒಂದೇ. ಇಂಗ್ಲಿಷಿನ ಹದಿನೈದು ಮತ್ತು ಐವತ್ತು ತುಟಿಯ ಮೇಲೆ ಬೇರೆ ಕಾಣುವುದಿಲ್ಲ. ಅಕ್ಷರವನ್ನೂ ಅಂಕಿಯನ್ನೂ ಬರೆದೇ ತೋರಿಸಿ, ಕೀ ಕಾರ್ಡಿನ ಮೇಲಿನ ಗುರುತಿನ ಜೊತೆ ಬೆರಳಿಟ್ಟು ಹೋಲಿಸಿ. ಪ್ರಯಾಣಿಕರು ಕ್ಯಾಬಿನ್‌ನಿಂದ ಸ್ಟೇಷನ್‌ವರೆಗೆ ಮೆಟ್ಟಿಲಲ್ಲಿ ಒಮ್ಮೆ ನಡೆದು ನೋಡಬೇಕು. ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ.

6. ದುಭಾಷಿ ಬಂದರೂ ರಾತ್ರಿಯ ವ್ಯವಸ್ಥೆ ಬೇರೆಯೇ ಬೇಕು

ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಸಾಮಾನ್ಯವಾಗಿ ಇಬ್ಬರು ದುಭಾಷಿಗಳು ಜೋಡಿಯಾಗಿ ಬರುತ್ತಾರೆ, ಸ್ವಲ್ಪ ಹೊತ್ತಿಗೊಮ್ಮೆ ಸರದಿ ಬದಲಿಸಿಕೊಳ್ಳುತ್ತಾರೆ. ಅದು ಕೈಗೂ ಮಿದುಳಿಗೂ ದಣಿವಿನ ಕೆಲಸ. ನಾಟಕ, ಉಪನ್ಯಾಸ, ಡ್ರಿಲ್ ಎಲ್ಲಕ್ಕೂ ಅವರಿರುತ್ತಾರೆ. ರಾತ್ರಿ ಎರಡು ಗಂಟೆಗೆ ಅವರೂ ಬೇರೆ ಡೆಕ್ಕಿನಲ್ಲಿ ಮಲಗಿರುತ್ತಾರೆ.

ಭಾರತದಿಂದ ಹೋಗುವ ಕಿವುಡರು ಇನ್ನೊಂದು ಮಾತು ತಿಳಿದಿರಬೇಕು. ಅಲ್ಲಿ ಬರುವುದು ಅಮೆರಿಕದ ಸನ್ನೆ ಭಾಷೆ. ಅದರಲ್ಲಿ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ; ನಮ್ಮ ಭಾರತೀಯ ಸನ್ನೆ ಭಾಷೆಯಲ್ಲಿ ಎರಡೂ ಕೈ ಬೇಕು. ವ್ಯಾಕರಣ, ಪದಗಳು ಬೇರೆಬೇರೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ರಾಷ್ಟ್ರೀಯ ಕೇಂದ್ರ ಹತ್ತು ಸಾವಿರ ಪದಗಳ ನಿಘಂಟನ್ನೇ ಹೊರತಂದಿದೆ, ಅದೆಲ್ಲ ಫ್ಲೋರಿಡಾದ ದುಭಾಷಿಗೆ ಗೊತ್ತಿರುವುದಿಲ್ಲ. ಹಾಗಾಗಿ ನಮ್ಮವರಿಗೆ ಚಿತ್ರ, ಬರಹ, ಅಭಿನಯವೇ ದಾರಿ. ನನ್ನ ಸ್ಟೇಷನ್‌ನ ಕ್ರೂಗೆ ನಾನು ಬೆಂಕಿ, ನೀರು, ಬಾ, ನಿಲ್ಲು, ಲೈಫ್ ಜಾಕೆಟ್, ಡಾಕ್ಟರು, ಮಕ್ಕಳೆಲ್ಲಿ, ಮುಗಿಯಿತು ಎಂಬಷ್ಟನ್ನು ಸನ್ನೆಯಲ್ಲಿ ಹೇಳಲು ಕಲಿಸಿದ್ದೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಕೇರಳ, ಪೆರುವಿನ ಹುಡುಗರು ಒಂದೇ ಸಂಜೆಯಲ್ಲಿ ಕಲಿತರು.

7. ಟಾರ್ಚ್ ಬೆಳಕು ನಿಮ್ಮ ಮುಖದ ಮೇಲಿರಲಿ

ಕತ್ತಲಲ್ಲಿ ಕಿವುಡರೊಡನೆ ಮಾತಾಡಲು ಬೆಳಕು ಬೇಕು. ಗಾಬರಿಯಲ್ಲಿ ಎಲ್ಲರೂ ಟಾರ್ಚನ್ನು ಅವರ ಕಣ್ಣಿಗೆ ಹಿಡಿಯುತ್ತಾರೆ. ಅವರಿಗೆ ಆಗ ಏನೂ ಕಾಣುವುದಿಲ್ಲ. ಟಾರ್ಚನ್ನು ಎದೆಯ ಮಟ್ಟದಲ್ಲಿ ಹಿಡಿದು ನಿಮ್ಮ ತುಟಿಗೂ ಕೈಗೂ ಬೆಳಕು ಬೀಳುವಂತೆ ತಿರುಗಿಸಿ. ಲೈಫ್ ಜಾಕೆಟ್ಟಿನ ದಪ್ಪ ಕಾಲರು ಗಲ್ಲವನ್ನು ಮುಚ್ಚುತ್ತದೆ, ಕೈಯಾಡಿಸಲು ಜಾಗ ಕಡಿಮೆ. ಆದ್ದರಿಂದ ಮುಖ ಎತ್ತಿ, ಕೈಯನ್ನು ಸ್ವಲ್ಪ ಮುಂದಕ್ಕೆ ಚಾಚಿ ಸನ್ನೆ ಮಾಡಬೇಕು. ಮುಚ್ಚಿದ ಲೈಫ್ ಬೋಟಿನಲ್ಲಿ ನೂರೈವತ್ತು ಜನ ಒತ್ತಾಗಿ ಕೂತಾಗ ಕಿವುಡರನ್ನು ಬೋಟ್ ನಡೆಸುವವನ ಮುಖ ಕಾಣುವ ಜಾಗದಲ್ಲೇ ಕೂರಿಸಿ.

8. ಕರೆಂಟು ಹೋದ ದಿನಕ್ಕೆ ಬೋರ್ಡು ಇಟ್ಟುಕೊಳ್ಳಿ

ಈಗ ಹಡಗಿನ ಮಾಹಿತಿಯೆಲ್ಲ ಆ್ಯಪಿನಲ್ಲಿ. ಕಿವುಡರಿಗೆ ಇದರಿಂದ ಬಹಳ ಉಪಕಾರವಾಗಿದೆ ನಿಜ. ಆದರೆ 2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ರೂಮಿಗೆ ಬೆಂಕಿ ಬಿದ್ದು, ನಾಲ್ಕು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಅದು ಮೆಕ್ಸಿಕೊ ಕೊಲ್ಲಿಯಲ್ಲಿ ದಿನಗಟ್ಟಲೆ ತೇಲಿತು, ಕಡೆಗೆ ಅಲಬಾಮಾದ ಮೊಬೈಲ್ ಬಂದರಿಗೆ ಎಳೆದು ತಂದರು. ಅಂಥ ಸ್ಥಿತಿಯಲ್ಲಿ ಟಿವಿ, ವೈಫೈ, ಫೋನ್ ಚಾರ್ಜು ಯಾವುದನ್ನೂ ನೆಚ್ಚುವಂತಿಲ್ಲ. ತುರ್ತು ವಿದ್ಯುತ್ತಿನಲ್ಲಿ ಉಳಿಯುವುದು ಮುಖ್ಯವಾಗಿ ಮೈಕು, ಅಂದರೆ ಮತ್ತೆ ಕಿವಿಯೇ. ಪ್ರತಿ ಡೆಕ್ಕಿನ ಮೆಟ್ಟಿಲ ಬಳಿ ಒಂದು ಬಿಳಿ ಬೋರ್ಡು, ಒಂದು ಮಾರ್ಕರ್. ಕ್ಯಾಪ್ಟನ್ ಮಾತಾಡಿದಾಗಲೆಲ್ಲ ಅದರ ಸಾರವನ್ನು ಗಂಟೆ ನಮೂದಿಸಿ ಬರೆಯುವ ಒಬ್ಬ ಕ್ರೂ. ಇಷ್ಟೇ ಬೇಕಾದುದು. ಕಿವಿ ಕೇಳಿಸುವವರೂ ಬಂದು ಓದುತ್ತಾರೆ.

1965ರ ನವೆಂಬರ್ 13ರಂದು ಮಯಾಮಿಯಿಂದ ನಸ್ಸಾವುಗೆ ಹೋಗುತ್ತಿದ್ದ ಯಾರ್ಮತ್ ಕ್ಯಾಸಲ್ ಹಡಗಿಗೆ ಬೆಂಕಿ ಬಿದ್ದಾಗ ಅಲಾರಂ ಗಂಟೆ ಮೊಳಗಲೇ ಇಲ್ಲ, ಮೈಕಿನಲ್ಲಿ ಒಂದು ಮಾತೂ ಬರಲಿಲ್ಲ. 90 ಜನ ಸತ್ತರು. ಸದ್ದೊಂದನ್ನೇ ನಂಬಿದ ವ್ಯವಸ್ಥೆ ಕೈಕೊಟ್ಟರೆ ಕಿವಿ ಚೆನ್ನಾಗಿರುವವರ ಗತಿಯೂ ಅಷ್ಟೇ.

9. ಮುಗಿಯಿತು ಎಂಬುದನ್ನೂ ಹೇಳಬೇಕು

ಪ್ರಯಾಣಿಕ ಹಡಗಿನಲ್ಲಿ ಕ್ರೂಗೆ ವಾರವಾರ ಬೆಂಕಿಯ ಡ್ರಿಲ್, ಹಡಗು ಬಿಡುವ ಡ್ರಿಲ್ ಇರುತ್ತದೆ. ಬಂದರಿನಲ್ಲಿ ನಿಂತಿರುವಾಗ ಮಾಡುತ್ತಾರೆ. ಇದು ಅಭ್ಯಾಸ, ಕ್ರೂಗೆ ಮಾತ್ರ ಎಂದು ಮೊದಲು ಮೈಕಿನಲ್ಲಿ ಹೇಳಿ ಗಂಟೆ ಹೊಡೆಯುತ್ತಾರೆ. ಕ್ಯಾಬಿನ್‌ನಲ್ಲಿ ಉಳಿದ ಕಿವುಡ ಪ್ರಯಾಣಿಕರಿಗೆ ಕಾಣುವುದೇನು? ಇದ್ದಕ್ಕಿದ್ದಂತೆ ದೀಪ ಮಿಂಚುತ್ತದೆ, ಬಾಗಿಲು ತೆರೆದರೆ ಲೈಫ್ ಜಾಕೆಟ್ ಹಾಕಿದ ಕ್ರೂ ಓಡುತ್ತಿರುತ್ತಾರೆ, ಕೇಳಿದರೆ ಯಾರಿಗೂ ನಿಂತು ಉತ್ತರಿಸಲು ಪುರಸೊತ್ತಿಲ್ಲ. ಒಬ್ಬ ಹಿರಿಯ ಮಹಿಳೆ ಜಾಕೆಟ್ ತೊಟ್ಟು, ಪಾಸ್‌ಪೋರ್ಟ್ ಹಿಡಿದು, ಖಾಲಿ ಸ್ಟೇಷನ್‌ನಲ್ಲಿ ಒಬ್ಬರೇ ನಿಂತಿದ್ದುದನ್ನು ನಾನು ಕಂಡಿದ್ದೇನೆ. ಅವರ ಕೈ ನಡುಗುತ್ತಿತ್ತು. ಹಿಂದಿನ ರಾತ್ರಿಯೇ ಬಾಗಿಲಡಿಯಲ್ಲಿ ಒಂದು ಚೀಟಿ ಸರಿಸಿದ್ದರೆ ಅದು ತಪ್ಪುತ್ತಿತ್ತು. ನಾಳೆ ಬೆಳಿಗ್ಗೆ ಇಷ್ಟು ಗಂಟೆಗೆ ಕ್ರೂ ಅಭ್ಯಾಸ, ಇಷ್ಟು ಗಂಟೆಗೆ ಮುಗಿಯುತ್ತದೆ, ನೀವು ಏನೂ ಮಾಡಬೇಕಾಗಿಲ್ಲ. ಆಮೇಲೆ ನಮ್ಮ ವಿಭಾಗದಲ್ಲಿ ಇದನ್ನು ಕಡ್ಡಾಯ ಮಾಡಿದೆವು.

10. ಪ್ರಯಾಣಿಕರಿಂದ ಹಡಗಿಗೂ ದಾರಿ ಬೇಕು

ಎದೆನೋವು ಬಂದರೆ ಕ್ಯಾಬಿನ್ ಫೋನಿನಲ್ಲಿ ತುರ್ತು ನಂಬರು ಒತ್ತಿ ಎನ್ನುತ್ತಾರೆ. ಒತ್ತಿ ಏನು ಮಾಡುವುದು? ಆ ನಂಬರಿನವರು, ಕಿವುಡರ ಕ್ಯಾಬಿನ್‌ನಿಂದ ಕರೆ ಬಂದು ಆ ಕಡೆ ಮಾತಿಲ್ಲದಿದ್ದರೆ ಕೂಡಲೇ ಜನ ಕಳಿಸುವುದು ಎಂದು ಮೊದಲೇ ತೀರ್ಮಾನಿಸಿರಬೇಕು. ಹತ್ತಿದ ದಿನವೇ ಪ್ರಯಾಣಿಕರು ಒಮ್ಮೆ ಒತ್ತಿ ಪರೀಕ್ಷಿಸಲಿ.

ಶ್ರವಣ ಯಂತ್ರ ಬಳಸುವವರು ಅದನ್ನೂ ಬ್ಯಾಟರಿಯನ್ನೂ ನೀರು ಹೋಗದ ಚಿಕ್ಕ ಚೀಲದಲ್ಲಿ, ಕತ್ತಿಗೆ ಹಾಕುವ ದಾರದೊಂದಿಗೆ ಮಂಚದ ಪಕ್ಕವೇ ಇಟ್ಟುಕೊಳ್ಳಿ. ಸಮುದ್ರದ ತೇವಕ್ಕೆ ಯಂತ್ರಗಳು ಬೇಗ ಕೈಕೊಡುತ್ತವೆ. ಹೊರಡುವ ಮೊದಲು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ನಿಮ್ಮ ಊರಿನ ಆಡಿಯಾಲಜಿಸ್ಟ್ ಬಳಿಯೋ ತೋರಿಸಿಕೊಂಡು ಹೋಗುವುದು ಲೇಸು.

11. ದಡದಲ್ಲಿ ಗಡಿಯಾರ ಮುಖ್ಯ

ಹಡಗಿಗೆ ಮರಳುವ ಸಮಯ ಬದಲಾದರೆ ಮೈಕಿನಲ್ಲಿ ಹೇಳುತ್ತಾರೆ, ಬಸ್ಸಿನಲ್ಲಿ ಗೈಡ್ ಹೇಳುತ್ತಾನೆ. ನಮ್ಮ ಪಣಂಬೂರಿನ ನವ ಮಂಗಳೂರು ಬಂದರಿಗೂ ಸೀಸನ್ನಿನಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಅಲ್ಲಿಂದ ಮೂಡುಬಿದಿರೆ, ಕಾರ್ಕಳಕ್ಕೆ ಹೋಗುವ ಪ್ರವಾಸಿಗರಲ್ಲಿ ಕಿವಿ ಕೇಳಿಸದವರು ಇದ್ದೇ ಇರುತ್ತಾರೆ. ಹಡಗು ಮಾಲ್ಡೀವ್ಸ್ ಕಡೆಯಿಂದ ಬಂದಿದ್ದರೆ, ಅಲ್ಲಿಗೂ ನಮಗೂ ಅರ್ಧ ಗಂಟೆ ವ್ಯತ್ಯಾಸ; ಹಡಗಿನ ಗಡಿಯಾರ ಒಂದು, ಊರಿನದು ಒಂದು. ಗೈಡ್‌ಗಳು, ಟ್ಯಾಕ್ಸಿಯವರು ಮರಳುವ ಸಮಯವನ್ನು ಕಾಗದದಲ್ಲಿ ಬರೆದು ಕೈಗೆ ಕೊಡಿ.

12. ಕಾನೂನು ಯಾವ ದೇಶದ್ದೆಂದು ನೋಡಿಕೊಳ್ಳಿ

ಮಯಾಮಿಯಲ್ಲಿ ನಿಂತ ಹಡಗಿನ ಮೇಲೆ ಬಹಾಮಾಸ್ ಅಥವಾ ಪನಾಮದ ಬಾವುಟ ಹಾರುತ್ತಿರುತ್ತದೆ. ನಮಗೆ ಅಮೆರಿಕದ ಅಂಗವಿಕಲರ ಕಾನೂನು ಅನ್ವಯವಿಲ್ಲ ಎಂಬ ಹಡಗು ಕಂಪನಿಗಳ ವಾದಕ್ಕೆ 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸ್ಪೆಕ್ಟರ್ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಅಮೆರಿಕದ ನೀರಿನಲ್ಲಿರುವ ವಿದೇಶಿ ಬಾವುಟದ ಕ್ರೂಸ್ ಹಡಗಿಗೂ ಆ ಕಾನೂನು ಅನ್ವಯಿಸುತ್ತದೆ ಎಂದಿತು. 2010ರಲ್ಲಿ ಬಂದ ಅಲ್ಲಿನ ಸಾರಿಗೆ ಇಲಾಖೆಯ ನಿಯಮದ ಪ್ರಕಾರ ಇಂಥ ಸೌಲಭ್ಯಕ್ಕೆ ಹೆಚ್ಚುವರಿ ಹಣ ಕೇಳುವಂತಿಲ್ಲ. ಯಾರಾದರೂ ಕಿಟ್‌ಗೆ ಬಾಡಿಗೆ ಕೇಳಿದರೆ ಕೊಡಬೇಡಿ.

ನಮ್ಮಲ್ಲೂ ಈಗ ಕ್ರೂಸ್ ಬೆಳೆಯುತ್ತಿದೆ. 2021ರಿಂದ ಕಾರ್ಡೇಲಿಯಾ ಕಂಪನಿಯ ಹಡಗು ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಓಡಾಡುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕ್ರೂಸ್ ಭಾರತ್ ಯೋಜನೆ ಶುರುಮಾಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಅಪಾಯದ ಸಂದರ್ಭಗಳಲ್ಲಿ ಅಂಗವಿಕಲರಿಗೆ ಸಮಾನ ರಕ್ಷಣೆ ಸಿಗಬೇಕೆನ್ನುತ್ತದೆ. 2011ರ ಜನಗಣತಿಯಲ್ಲೇ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಹೊಸ ಟರ್ಮಿನಲ್, ಹೊಸ ಹಡಗು ಬರುವಾಗಲೇ ಮಿಂಚುದೀಪ, ನಡುಗುವ ಹಾಸಿಗೆ, ಭಾರತೀಯ ಸನ್ನೆ ಭಾಷೆಯ ಸುರಕ್ಷತಾ ವಿಡಿಯೋ ಇವನ್ನು ಸೇರಿಸಿಬಿಡಬೇಕು. ಕಟ್ಟಿದ ಮೇಲೆ ಗೋಡೆ ಕೊರೆಯುವುದಕ್ಕಿಂತ ಅದು ಅಗ್ಗ.

ಶಿಪ್ಪಿಗೆ ಹೋಗುತ್ತಿರುವ ನಮ್ಮ ಕಡೆಯ ತಮ್ಮ ತಂಗಿಯರೇ, ಪ್ರಯಾಣ ಶುರುವಾದ ದಿನ ನಿಮ್ಮ ಕಾರಿಡಾರಿನಲ್ಲಿ ಗಂಟೆ ಕೇಳದವರು ಯಾವ ಕ್ಯಾಬಿನ್‌ನಲ್ಲಿದ್ದಾರೆಂದು ಸೂಪರ್‌ವೈಸರ್ ಹೇಳದಿದ್ದರೂ ನೀವೇ ಕೇಳಿ ಬರೆದುಕೊಳ್ಳಿ. ಮನೆಯ ಹಿರಿಯರನ್ನು ಕ್ರೂಸ್‌ಗೆ ಕರೆದೊಯ್ಯುವವರು ಮೂರು ಪ್ರಶ್ನೆಗಳನ್ನು ಕಂಪನಿಗೆ ಈಮೇಲಿನಲ್ಲಿ ಕಳಿಸಿ. ಸಾರ್ವತ್ರಿಕ ಗಂಟೆಯಾದರೆ ಮಲಗಿದವರಿಗೆ ಯಾವುದರಿಂದ ತಿಳಿಯುತ್ತದೆ, ಅವರ ಬಾಗಿಲು ತೆರೆಯುವ ಹೊಣೆ ಯಾರದು, ಅವರು ಮಾತಿಲ್ಲದೆ ಸಹಾಯ ಕರೆಯುವುದು ಹೇಗೆ. ಮೂರಕ್ಕೂ ಬರಹದಲ್ಲಿ ಉತ್ತರ ಬರುವವರೆಗೆ ಟಿಕೆಟ್‌ಗೆ ಹಣ ಕಟ್ಟಬೇಡಿ.